ಸುಣ್ಣದ ಗೋಡೆ, ಕರಿ ಪತಂಗ

ಓಲ್ಡ್‌ಹ್ಯಾಮ್,
೯ ಜೂನ್ ೧೯೫೧

ಪ್ರೀತಿಯ ಕಥ್ಬರ್ಟ್,

ಎದೆ ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಏದುಸಿರು ಬರುತ್ತದೆಯೇ? ನಿನ್ನ ಅಕ್ಕ ಮೀನಿನ ಸಾರು ಕೊಟ್ಟರೆ ಮುಖ ಸಿಂಡರಿಸದೆ ಕುಡಿ. ಸಮುದ್ರದ ಗಾಳಿಗೆ ಕೆಮ್ಮು ಇಳಿದಿದೆ, ಗಿರಣಿ ರಜೆಗೆ ಮೊದಲೇ ಮನೆಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಈ ಹೊಗೆಯಲ್ಲಿ ಇನ್ನೊಂದು ಚಳಿಗಾಲ ಕಳೆದರೆ ನೀನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನೆನಪಿದ್ದೂ ನನಗೆ ಖುಷಿಯೇ ಆಯಿತು. ನಿನ್ನ ಖಾಲಿ ಕುರ್ಚಿಯ ಎದುರು ಒಬ್ಬಳೇ ಕೂತು ಚಹಾ ಕುಡಿದು ಸಾಕಾಗಿದೆ.

ನೀನು ಬರುವ ಸಡಗರಕ್ಕೆ ಹಿತ್ತಲ ಗೋಡೆಗೆ ಸುಣ್ಣ ಹೊಡೆದೆ. ಪಕ್ಕದ ಮನೆಯ ಆಗ್ನೆಸ್ ಇಣುಕಿ, "ಏನೇ ಇದು, ನಿಮ್ಮ ಕಕ್ಕಸು ನೋಡೋಕೆ ರಾಜ ಬರ್ತಾನಾ? ಸೋಮವಾರ ಗಿರಣಿ ಚಿಮಣಿ ಹೊಗೆ ಶುರುವಾಗ್ಲಿ, ಮತ್ತೆ ಕರ್ರಗೆ ಮಾಡಿ ಕೊಡುತ್ತೆ" ಎಂದು ಆಡಿಕೊಂಡಳು. ಮರುದಿನ ಬೆಳಿಗ್ಗೆ ನೋಡಿದರೆ, ನೀನು ಹೊರಡುವ ಮುಂಚೆ ಬರ್ಚ್ ಮರಗಳ ಬುಡ ಕೆದಕಿ ತಂದು ಪೆಟ್ಟಿಗೆಯ ಮಣ್ಣಿನಲ್ಲಿ ಇಟ್ಟಿದ್ದೆಯಲ್ಲ, ಆ ಕೋಶಗಳು ಒಡೆದು ಪತಂಗಗಳು ಹೊರಬಂದಿದ್ದವು. ಒಂದು ಕಾಲಕ್ಕೆ ಬಿಳಿಯಾಗಿದ್ದ ಜಾತಿ, ಈಗ ಎಲ್ಲವೂ ಕಪ್ಪು, ಒಂದೂ ಬಿಳಿ ಇಲ್ಲ. ಹೊಗೆ ಹತ್ತಿ ಕಪ್ಪಾದವು ಎಂದು ಆಗ್ನೆಸ್ ಇಂದಿಗೂ ಹೇಳುತ್ತಾಳೆ. ನೀನು ರೇಗುತ್ತಿದ್ದದ್ದು ನೆನಪಾಯಿತು: "ಮಸಿ ಬಳ್ಕೊಂಡಿದ್ದಲ್ಲ ಕಣ್ರೇ! ಮಸಿ ಗೋಡೆ ಮೇಲೆ ಬಿಳಿಯವು ಎದ್ದು ಕಾಣ್ತಿದ್ವು, ಹಕ್ಕಿ ತಿಂದ್ವು. ಕಾಣದೆ ಉಳಿದ ಕರಿಯವು ಮರಿ ಮಾಡಿದ್ವು, ಅಷ್ಟೇ."

ಪೆಟ್ಟಿಗೆಯನ್ನು ಹಿತ್ತಲಿಗೆ ಒಯ್ದು ಮುಚ್ಚಳ ತೆಗೆದೆ. ಅವು ಹಾರಿ ಆ ಸುಣ್ಣದ ಗೋಡೆಯ ಮೇಲೇ ರೆಕ್ಕೆ ಹರಡಿ ಕೂತವು, ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಧೈರ್ಯದಲ್ಲಿ ಮಿಸುಕದೆ. ಗುಬ್ಬಚ್ಚಿಗಳು ಬಂದವು. ಪೊರಕೆ ಬೀಸಿದೆ, ಕೂಗಾಡಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನೆಲದ ಮೇಲೆ ಒಂದಷ್ಟು ಕರಿ ರೆಕ್ಕೆಗಳು ಉಳಿದವು. ನಿನಗೆಂದು ಆ ಗೋಡೆಯನ್ನು ಬೆಳ್ಳಗೆ ಮಾಡಿದ್ದು ನಾನೇ ಅಲ್ಲವೇ? ಅಲ್ಲೇ ಕೂತು ಅತ್ತೆ. ಹುಳಕ್ಕೆ ಅಳುತ್ತಾಳೆ ಹುಚ್ಚಿ ಎಂದು ನಗಬೇಡ. ಅಳುವಾಗ ನನ್ನ ತಲೆಯಲ್ಲಿದ್ದದ್ದು ಹುಳವಲ್ಲ.

ಅಕ್ಕನಿಗೆ ನನ್ನ ನೆನಪು ತಿಳಿಸು. ಮಫ್ಲರ್ ಸುತ್ತಿಕೊಳ್ಳದೆ ದಂಡೆಗೆ ಹೋಗಬೇಡ.

ನಿನ್ನವಳೇ,
ಮಿಲ್ಲಿಸೆಂಟ್

ತಾ.ಕ.: ಟಪ್ಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಈ ಹೊಗೆಗೆ ಮತ್ತೆ ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ಗಿರಣಿ ಕೆಲಸ ಬಿಟ್ಟೆ, ಬೀಗದ ಕೈಯನ್ನು ಮನೆಯೊಡೆಯನಿಗೆ ಒಪ್ಪಿಸುತ್ತೇನೆ. ಮುಂದಿನ ಶನಿವಾರದ ರೈಲಿಗೆ ನಾನೇ ಬರುತ್ತೇನೆ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ, ನೂಲುವುದು ಬಿಟ್ಟು ಬೇರೆ ಕೆಲಸ ಬಾರದು. ತುಂಬಾ ಹೆದರಿಕೆಯಾಗುತ್ತಿದೆ. ಸ್ಟೇಷನ್ನಿಗೆ ಬಂದು ನಿಂತಿರು.