ಅತ್ತೆ ತುಳಿಯದ ಉಣ್ಣೆ

೭ ಜನವರಿ ೧೯೬೩, ಸೋಮವಾರ. ಬಂಗೂರನಗರ

ಅತ್ತೆ ಇವತ್ತೂ ಗೋಡೆಯಂಚು ಹಿಡಿದೇ ಓಡಾಡಿದರು. ಸಿಮೆಂಟ್ ನೆಲದ ಥಂಡಿಗೆ ಅವರ ಮೊಣಕಾಲು ಹಿಡಿಯುತ್ತದೆಂದೇ ನಾನು ಇಷ್ಟೆಲ್ಲ ಮಾಡಿದ್ದು. ಜಮಖಾನೆ ಕೊಳ್ಳುವ ತಾಕತ್ತು ನಮಗೆಲ್ಲಿ? ಕಾಗದದ ಮಿಲ್ಲಿನವರು ಹಸಿ ಕಾಗದ ಒತ್ತುವ ಯಂತ್ರದಿಂದ ತೆಗೆದು ಮಾರಿದ ಹಳೆಯ ಅಗಲ ಉಣ್ಣೆಪಟ್ಟಿಯನ್ನು ನಮ್ಮವರು ಹೊತ್ತು ತಂದರು. ನಾನು ಒಗೆದು, ಕತ್ತರಿಸಿ, ದಬ್ಬಣದಿಂದ ಹೊಲಿದು ಗೋಡೆಯಂಚೊಂದು ಬಿಟ್ಟು ಒಲೆಯ ತನಕ ಮನೆಯಿಡೀ ಹಾಸಿದೆ. ಬೆರಳು ಇನ್ನೂ ಉರಿಯುತ್ತಿದೆ. ಉರಿಯಲಿ. ಈ ಸಾಲಿನ ಯಾವ ಮನೆಯಲ್ಲೂ ಇಂಥ ನೆಲವಿಲ್ಲ.

“ಉಣ್ಣಿ ಅಂದ್ರ ಪೂಜಿಗೆ ಬರೋ ಅಯ್ಯನೋರಿಗೆ ಗದ್ದಿಗಿ ಹಾಸೂದವ್ವಾ, ಕಾಲಾಗ ತುಳೀತಾರೇನು? ನಾ ನಾಳೆ ಊರಿಗೆ, ಸಾಂಬ್ರಾಣಿಗೆ ಹೋಗ್ತೇನಿ,” ಎಂದರು ಅತ್ತೆ.

ನಾನು ಅವರೇ ಹಳೆಯ ಸೀರೆಗಳಿಂದ ಹೊಲಿದ ಕೌದಿಗಳನ್ನು ತಂದು, ಬಾಗಿಲಿಂದ ಒಲೆಯ ತನಕ ಉಣ್ಣೆಯ ಮೇಲೆ ಉದ್ದಕ್ಕೆ ಹಾಸಿದೆ.

“ಈಗ ನೀವು ತುಳಿಯೂದು ನಿಮ್ಮ ಕೌದೀನ್ರಿ ಅತ್ತಿ, ಉಣ್ಣಿ ಅಲ್ಲ.”

ಅತ್ತೆ ಬಗ್ಗಿ ತಮ್ಮ ಕೌದಿಯನ್ನು ಮುಟ್ಟಿ ನೋಡಿದರು. ಆಮೇಲೆ ಒಂದು ಕಾಲಿಟ್ಟರು.

“ಮೆತ್ತಗೈತಲ್ಲ!”

ಒಲೆಯ ತನಕ ಹೋಗಿ ಬಂದರು. ಮತ್ತೆ ಹೋದರು. ಅಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ.