ಹಿಂದಿನ ಚಕ್ರದ ಗರಗರ

ಲೆಫ್ತೆರಿಸಣ್ಣ, ಅಮ್ಮ ಒಪ್ಪಿಬಿಟ್ಟಳು ಕಣೋ. ನಿನ್ನ ಬೈಕ್ ಹಿಂದೆ ಕೂತು, ಬೆಟ್ಟ ಇಳಿದು, ಫೊತಿನಿ ಚಿಕ್ಕಮ್ಮನ ಪಾಪು ನೋಡೋಕೆ ಬರ್ತಾಳಂತೆ. ಅಪ್ಪ ಬೈಕಿಂದ ಬಿದ್ದು ತೀರ್ಕೊಂಡಮೇಲೆ ಸ್ಕೂಟರ್ ಪಕ್ಕಾನೂ ನಿಲ್ಲದ ನಮ್ಮಮ್ಮ. ನಂಗಿನ್ನೂ ನಂಬೋಕಾಗ್ತಿಲ್ಲ.

ಅದಕ್ಕೇ ಇವತ್ತು ಬೈಕ್ ಓಡಿಸಬೇಡ. ಕೀ ನನ್ನ ಹತ್ರ ಇದೆ, ಬೈಯಬೇಡ.

ಆ ಗರಗರ ಚೈನಿಂದು ಅಂದಿದ್ದೆಯಲ್ಲ, ಚೈನಿಂದಲ್ಲ. ನೀನು ಮಲಗಿದ್ದಾಗ ಸ್ಟ್ಯಾಂಡ್ ಹಾಕಿ, ಚೈನ್ ಕಳಚಿ, ಚಕ್ರ ತಿರುಗಿಸಿದೆ. ಆಗಲೂ ಗರಗರ. ಟೈರನ್ನ ಎರಡೂ ಕಡೆ ಹಿಡಿದು ಅಲ್ಲಾಡಿಸಿದ್ರೆ ಸಡಿಲವಾಗಿ ಆಡುತ್ತೆ. ಚಕ್ರದೊಳಗಿನ ಬೇರಿಂಗ್ ಹೋಗಿದೆ. ಅಮ್ಮ ಹಿಂದೆ ಕೂತಿರುವಾಗ ತಿರುವಲ್ಲಿ ಚಕ್ರ ಕಚ್ಕೊಂಡ್ರೆ ಏನ್ ಗತಿ?

ಮತ್ತೆ ಚೈನಿಗೆ ಅಡುಗೆಮನೆ ಆಲಿವ್ ಎಣ್ಣೆ ಸುರಿಯೋದು ನಿಲ್ಸು ಮಾರಾಯ. ಮರಳೆಲ್ಲ ಅಂಟಿ ಗೊಜ್ಜಾಗಿದೆ. ಅದೂ ಅಜ್ಜಿ ತೋಟದ ಒಳ್ಳೇ ಎಣ್ಣೆ. ಕಳಚಿಟ್ಟ ಚೈನನ್ನ ಸೀಮೆಎಣ್ಣೆಲಿ ಒರೆಸಿ ನೀನೇ ವಾಪಸ್ ಹಾಕು.

ಓವನ್‌ನಲ್ಲಿ ಪಾಲಕ್ ತುಂಬಿ ಬೇಯಿಸಿದ ಪಿಟ ಇದೆ, ನಂಗೊಂದು ತುಂಡು ಉಳಿಸು.

ಅಮ್ಮಂಗೆ ಬೇರಿಂಗ್ ವಿಷಯ ಮುಚ್ಚಿಡೋಣ ಅಂತಿದ್ದೆ, ಆಗಲಿಲ್ಲ, ಹೇಳಿಬಿಟ್ಟೆ. ಈಗ ಬರಲ್ಲ ಅಂತಾಳೆ ಅಂದ್ಕೊಂಡೆ. "ಸದ್ದು ಬಂದ್ರೆ ರಿಪೇರಿ ಮಾಡಿಸ್ಬೇಕಮ್ಮ, ನಿಮ್ಮಪ್ಪ ನಾಳೆ ನಾಳೆ ಅಂತಿದ್ರು" ಅಂದ್ಲು, ಅಷ್ಟೇ. ಹೊಸ ಬೇರಿಂಗ್ ಹಾಕೋದನ್ನ ಎದುರು ನಿಂತು ನೋಡ್ತಾಳಂತೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪನಾಗೋಸ್ ಮಾಮನ ಗ್ಯಾರೇಜಿಗೆ ನಾನು ಅಮ್ಮನ್ನ ಕರ್ಕೊಂಡು ಬರ್ತೀನಿ. ನೀನು ಬೈಕ್ ತಳ್ಕೊಂಡು ಬಾ.

ಮಿರ್ತೊ