ಬಿಸ್ಕತ್ತಿನ ಡಬ್ಬಿ ಮತ್ತು ಇಪ್ಪತ್ತಮೂರನೆಯ ಪುಟ

ಗ್ಲೇಸ್ ಬೇ
೯ ನವೆಂಬರ್ ೨೦೧೭

ಪ್ರೀತಿಯ ಎಫಿ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ಆಮೇಲೆ ಓದು. ನಿಮ್ಮ ಆಲ್ಬರ್ಟಾದಲ್ಲಿ ಆಗಲೇ ಮೊಣಕಾಲುದ್ದ ಹಿಮವಂತೆ. ಇಲ್ಲಿನ್ನೂ ಬರೀ ಗಾಳಿ. ಬಲಭುಜ ಮೇಲೇಳುವುದಿಲ್ಲವಾದ್ದರಿಂದ ದಿನಕ್ಕೆ ಕೆಲವೇ ಸಾಲು ಬರೆಯುತ್ತೇನೆ. ಈ ಪತ್ರ ಶುರುಮಾಡಿ ನಾಲ್ಕು ದಿನವಾಯಿತು.

ಮೊದಲು ಸುದ್ದಿ. ವಿಮಾ ಕಂಪನಿ ನನಗೆ ತಿಂಗಳು ತಿಂಗಳು ಕೊಡುತ್ತಿದ್ದ ಪರಿಹಾರವನ್ನು ನಿಲ್ಲಿಸಿದೆ. ಕೆಲಸಕ್ಕಿದ್ದ ವೃದ್ಧಾಶ್ರಮದಲ್ಲಿ ಒಬ್ಬ ಭಾರೀ ಮುದುಕನನ್ನು ಹಾಸಿಗೆಯಿಂದ ಎಬ್ಬಿಸುವಾಗ ನನ್ನ ಭುಜದ ಸ್ನಾಯು ಹರಿಯಿತಲ್ಲ, ಅದು ಹರಿದದ್ದು ನಿಜವಂತೆ, ಇನ್ನೂ ನೋಯುತ್ತಿರುವುದು ಸುಳ್ಳಂತೆ. ಇದನ್ನು ಕಂಡುಹಿಡಿದದ್ದು ‘ಸ್ವತಂತ್ರ ವೈದ್ಯಕೀಯ ಪರೀಕ್ಷೆ’. ಡಾಕ್ಟರನ್ನು ಆರಿಸುವುದು ಕಂಪನಿ, ಅವನಿಗೆ ದುಡ್ಡು ಕೊಡುವುದು ಕಂಪನಿ, ವರದಿಯನ್ನು ಮೊದಲು ಓದುವುದೂ ಕಂಪನಿ. ಅವನು ಸ್ವತಂತ್ರನಾಗಿದ್ದದ್ದು ನನ್ನೊಬ್ಬಳ ಹಂಗಿನಿಂದ ಮಾತ್ರ.

ಪೆಂಬ್ರೂಕ್ ಅಂತ ಅವನ ಹೆಸರು. ತಿಂಗಳಿಗೆ ಎರಡು ದಿನ ಹ್ಯಾಲಿಫ್ಯಾಕ್ಸಿನಿಂದ ಬಂದು ಇಲ್ಲೇ ಪಕ್ಕದ ಊರು ಸಿಡ್ನಿಯ ಹೋಟೆಲೊಂದರ ಕೋಣೆಯಲ್ಲಿ ಕೂರುತ್ತಾನೆ. ಪಕ್ಕದ ಮನೆಯ ಜಾನ್ ಆಂಗಸ್ ನನ್ನನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ಅವನ ಹೆಂಡತಿ ಮಾಡಿಕೊಟ್ಟ ಓಟ್ಸ್ ಬಿಸ್ಕತ್ತಿನ ಡಬ್ಬಿ ನನ್ನ ತೊಡೆಯ ಮೇಲಿತ್ತು.

“ಅಲ್ಲ ಕಣೇ ಮೋರಾಗ್, ಕತ್ತು ಕುಯ್ಯೋನಿಗೆ ಬಿಸ್ಕತ್ತು ಬೇರೆ ಒಯ್ತಿದೀಯಲ್ಲ, ತಲೆ ನೆಟ್ಟಗಿದೆಯಾ ನಿಂಗೆ?” ಎಂದ.

“ಬರಿಗೈಲಿ ಹೇಗೋ ಹೋಗೋದು? ಅಮ್ಮ ಸಮಾಧಿಯಿಂದ ಎದ್ದು ಬಂದು ಬಾರಿಸ್ತಾಳೆ.”

“ಬಾರಿಸ್ಲಿ ಬಿಡು. ಆಗ ನೋವಿಗೊಂದು ಸಾಕ್ಷಿಯಾದ್ರೂ ಸಿಗುತ್ತೆ.”

ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. “ಮೊದಲೇ ಹೇಳಿಬಿಡ್ತೀನಿ, ನಾನು ನಿಮ್ಮ ಡಾಕ್ಟರಲ್ಲ. ಚಿಕಿತ್ಸೆ, ಸಲಹೆ ಏನೂ ಇರಲ್ಲ,” ಎಂದ ಪೆಂಬ್ರೂಕ್. ಅವನ ಬಾಯಿಂದ ಬಂದ ಒಂದೇ ನಿಜ ಅದು. ಆಮೇಲೆ, “ಹೇಗಿದ್ದೀರಿ?”

“ಚೆನ್ನಾಗಿದೀನಿ ಡಾಕ್ಟ್ರೇ, ದೂರೋವಂಥದ್ದೇನಿಲ್ಲ.”

ನಮ್ಮೂರಿನಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದವನನ್ನು ಕೇಳಿದರೂ ಇದೇ ಉತ್ತರ ಬರುತ್ತದೆ. ಹ್ಯಾಲಿಫ್ಯಾಕ್ಸಿನವನಿಗೆ ಅದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಡಬ್ಬಿ ನೋಡಿ, “ಮನೇಲೇ ಮಾಡಿದ್ದಾ?” ಎಂದ. “ಮನೇದೇ,” ಎಂದೆ. ಯಾರ ಮನೆಯದೆಂದು ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಮೂರು ತಿಂದ. ಹದಿನಾಲ್ಕು ನಿಮಿಷಕ್ಕೆ ನಾನು ಹೊರಗಿದ್ದೆ.

ವರದಿ ಮೂವತ್ತೊಂದು ಪುಟ. ಅದರಲ್ಲಿದೆ: ‘ಸುಮಾರು ಎರಡು ಕಿಲೋ ತೂಕದ ತಗಡಿನ ಡಬ್ಬಿಯನ್ನು ಸಲೀಸಾಗಿ ಹಿಡಿದು ಬಂದರು. ದೀರ್ಘಕಾಲ ನಿಂತು ಅಡುಗೆ ಮಾಡಬಲ್ಲರು. ತಾವು ಚೆನ್ನಾಗಿರುವುದಾಗಿ ತಾವೇ ತಿಳಿಸಿದರು.’ ಡಬ್ಬಿ ಎಡಗೈಯಲ್ಲಿತ್ತೆಂದು ಇಲ್ಲ. ತಿಂದವರು ಯಾರೆಂದೂ ಇಲ್ಲ.

ಹದಿನಾಲ್ಕು ನಿಮಿಷ ಇಷ್ಟು ಪುಟ ಆಗುವುದು ಹೇಗೆ ಎಂದು ಕೇಳುತ್ತೀಯ. ಉಳಿದದ್ದನ್ನೆಲ್ಲ ನಮ್ಮ ಗಿಲ್ಲಿಸ್ ಡಾಕ್ಟರ ಫೈಲಿನಿಂದ ತುಂಬಿದ್ದಾರೆ. ‘ಸಂಬಂಧಪಟ್ಟ ದಾಖಲೆಗಳನ್ನು’ ಕೊಡಬಹುದೆಂದು ನಾನೇ ರುಜು ಹಾಕಿದ್ದೆ. ಮೂವತ್ತು ವರ್ಷಗಳಲ್ಲಿ ನನ್ನ ಭುಜಕ್ಕೆ ಸಂಬಂಧಪಡದ್ದು ಏನೂ ಇಲ್ಲವೆಂದು ಈಗ ತಿಳಿಯಿತು. ಮುಟ್ಟು ನಿಂತ ತಿಂಗಳು, ಗಂಡ ಬಿಟ್ಟುಹೋದ ವರ್ಷ ನಾನು ಕುಡಿದದ್ದು, ಎಲ್ಲ ಇದೆ. ಕಂಪನಿಗೆ ಫೋನ್ ಮಾಡಿದೆ. “ಇದು ಮಾಮೂಲಿ ಕ್ರಮ ಮೇಡಂ. ಎಲ್ಲ ಗೋಪ್ಯವಾಗೇ ಇರುತ್ತೆ,” ಎಂದಳು ಹುಡುಗಿ.

“ಯಾರಿಂದಮ್ಮ ಗೋಪ್ಯ?”

“ಹೊರಗಿನವರಿಂದ.”

“ನೀವೆಲ್ಲ ನನ್ನ ಮನೆಯೋರಾ ಹಾಗಾದ್ರೆ? ಕ್ರಿಸ್ಮಸ್‌ಗೆ ಊಟಕ್ಕೆ ಬನ್ನಿ.”

ಅವಳು ಫೋನನ್ನು ಹೋಲ್ಡಿಗೆ ಹಾಕಿ ನನಗೆ ಸಂಗೀತ ಕೇಳಿಸಿದಳು.

ಆ ಜನರನ್ನು ದ್ವೇಷಿಸುವಷ್ಟು ಗೌರವ ಕೂಡ ನನಗೆ ಅವರ ಮೇಲಿಲ್ಲ. ಆದರೆ ಒಂದು ವಿಚಿತ್ರ. ಓದುತ್ತ ಓದುತ್ತ ಆ ವರದಿಯ ಹೆಂಗಸು ನನಗೆ ಬೇರೆಯವಳಂತೆ ಕಂಡಳು. ಎಲ್ಲವನ್ನೂ ಬೇರೆಯವರ ಮೇಲೆ ಹೊರಿಸಿ, ಮೇಲೊಂದು ಡಬ್ಬಿ ಬಿಸ್ಕತ್ತು ಇಡುವವಳು. ಅವಳು ನನಗೂ ಇಷ್ಟವಾಗಲಿಲ್ಲ.

ಈಗ ನಿನ್ನ ವಿಷಯ. ಈ ತಿಂಗಳ ಕೊನೆಯೊಳಗೆ ಮೇಲ್ಮನವಿ ಹೋಗಬೇಕು, ಇಲ್ಲದಿದ್ದರೆ ಮನೆ ಮಾರುವುದೊಂದೇ ದಾರಿ. ಭುಜ ಹರಿಯುವ ಮೊದಲಿನ ಬೇಸಿಗೆಯಲ್ಲೂ ಆಮೇಲಿನ ಬೇಸಿಗೆಯಲ್ಲೂ ನನ್ನ ಜೊತೆ ಇದ್ದವಳು ನೀನೊಬ್ಬಳೇ. ನಾನು ಮೊದಲು ಹೇಗಿದ್ದೆ, ಈಗ ಹೇಗಿದ್ದೇನೆ ಎಂದು ನೀನು ಹೇಳಿಕೆ ಬರೆದುಕೊಡಬೇಕು. ಬರೆಯುವವರು ವರದಿಯನ್ನು ಪೂರ್ತಿ ಓದಿರಲೇಬೇಕಂತೆ, ವಕೀಲರು ಹೇಳಿದರು. ಎರಡು ವಾರ ಬೇಡ ಬೇಡ ಎಂದೆ. ನಿನ್ನೆ ಅವರಿಗೆ, ವರದಿ ಕಳಿಸಿ, ಆದರೆ ನನ್ನ ಪತ್ರ ಮೊದಲು ತಲುಪಲಿ, ಎಂದೆ.

ನಿನ್ನ ಮಂಡಿನೋವು ಕಡಿಮೆಯಾಗಲಿ. ಮಕ್ಕಳು ನಿನ್ನ ಮಾತು ಕೇಳಲಿ. ನೀನು ಬೆಚ್ಚಗಿರು. ದೇವರು ಇದ್ದರೆ ನಿನ್ನ ಕಡೆಯೇ ಇರಲಿ.

ನಿನ್ನ ಅಕ್ಕ,
ಮೋರಾಗ್

ಮತ್ತೆ ಬರೆದದ್ದು: ಇಪ್ಪತ್ತಮೂರನೆಯ ಪುಟದಲ್ಲಿ, ನನ್ನ ನಿದ್ದೆಗೇಡಿಗೆ ಭುಜ ಕಾರಣವಲ್ಲ, ೨೦೦೨ರಲ್ಲಿ ತಾಯಿ ಸತ್ತಾಗಿನ ಪಾಪಪ್ರಜ್ಞೆ ಕಾರಣ ಎಂದಿದೆ. ಅದರ ಕೆಳಗೆ ಗಿಲ್ಲಿಸ್ ಅಂದು ಬರೆದುಕೊಂಡಿದ್ದ ಎರಡು ಸಾಲನ್ನು ಹಾಗೇ ಎತ್ತಿ ಹಾಕಿದ್ದಾರೆ. ಅದನ್ನು ಅವರಿಂದ ತಿಳಿಯಬೇಡ. ಅಮ್ಮನಿಗೆ ಕೊನೆಗೆ ನಿನ್ನ ಹೆಸರೇ ಮರೆತುಹೋಗಿತ್ತು, ನಿನ್ನನ್ನು ಕೇಳಲೇ ಇಲ್ಲ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಅವಳು ಮರೆತದ್ದು ನನ್ನ ಹೆಸರನ್ನು. ಅವಳನ್ನು ತೊಳೆಯುತ್ತಿದ್ದವಳು, ಉಣಿಸುತ್ತಿದ್ದವಳು ನಾನು. ಅವಳು ಕಿಟಕಿಯ ಕಡೆ ತಿರುಗಿ ದಿನವಿಡೀ “ಎಫಿ ಬರೋ ಬಸ್ಸು ಬಂತಾ?” ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಸೂಪಿನ ಚಮಚ ಕೆಳಗಿಟ್ಟು, “ಎಫಿ ಸತ್ತೋದ್ಲಮ್ಮ,” ಎಂದೆ. ಎರಡು ದಿನ ಅತ್ತಳು. ಆಮೇಲೆ ಕೇಳಲಿಲ್ಲ. ವರದಿಯಲ್ಲಿರುವುದು ಇಷ್ಟು. ಹಾಗೆ ಹೇಳಿದ ಹನ್ನೊಂದನೆಯ ದಿನ ಅವಳು ಸತ್ತಾಗ ಕಿಟಕಿಗೆ ಬೆನ್ನು ಹಾಕಿ ಮಲಗಿದ್ದಳು. ಇದು ಯಾವ ಫೈಲಿನಲ್ಲೂ ಇಲ್ಲ, ಗಿಲ್ಲಿಸ್‌ಗೂ ನಾನು ಹೇಳಿರಲಿಲ್ಲ.